ಡಚ್ಚಿನಲ್ಲಿ ‘ದೊಡ್ಡದು’, ‘ಹೊಸದು’, ‘ಸತ್ತವರು’: ಗುಣವಾಚಕ ನಾಮಪದವಾಗುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನೆದರ್‌ಲ್ಯಾಂಡ್ಸ್‌ಗೆ ಬಂದು ಡಚ್ ಕಲಿಯಲು ಕೂತ ಕನ್ನಡಿಗರು ಒಂದು ಹಂತದಲ್ಲಿ ಇಲ್ಲಿ ಎಡವುತ್ತಾರೆ. ನಾನೂ ಎಡವಿದ್ದೆ. ಆಮೇಲೆ ಸ್ನೇಹಿತರು, ಸ್ನೇಹಿತರ ಸ್ನೇಹಿತರು ಕೇಳಿದ ಪ್ರಶ್ನೆಗಳು ಒಂದೇ ತರಹ ಇದ್ದವು. ಅವನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ಮೊದಲೇ ಒಂದು ಮಾತು. ಡಚ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಕಾಗುಣಿತಕ್ಕೆ ಹತ್ತಿರವಾಗಿ. ಕೊನೆಯಲ್ಲಿ ಬರುವ ‘ಎ’ಯನ್ನು ಗಟ್ಟಿಯಾಗಿ ಹೇಳಬೇಡಿ. ಅದು ‘ಅ’ ಮತ್ತು ‘ಎ’ ನಡುವಿನ ಒಂದು ಸೋಮಾರಿ ಸ್ವರ. ‘ಖ’ ಅಂತ ಬರೆದಿರುವುದು ಗಂಟಲು ಕೆರೆದಂತೆ ಬರುವ ಆ ಪ್ರಸಿದ್ಧ ಡಚ್ ಧ್ವನಿ.

ಗುಣವಾಚಕ ನಾಮಪದವಾಗುವುದು ಅಂದರೆ ಏನು?

‘ದೊಡ್ಡ ಮನೆ’ ಅನ್ನುವಾಗ ‘ದೊಡ್ಡ’ ಒಂದು ಗುಣವಾಚಕ. ‘ಮನೆ’ಯ ಕೈ ಹಿಡಿದು ನಿಂತಿದೆ. ‘ನನಗೆ ದೊಡ್ಡದು ಬೇಕು’ ಅಂದಾಗ ಮನೆ ಮಾಯವಾಯಿತು. ‘ದೊಡ್ಡ’ವೇ ನಾಮಪದದ ಕೆಲಸ ಮಾಡುತ್ತಿದೆ. ಅಷ್ಟೇ ವಿಷಯ.

ಡಚ್ ವ್ಯಾಕರಣದಲ್ಲಿ ನಾಮಪದವನ್ನು ‘ಜೆಲ್ಫ್‌ಸ್ಟಾಂಡಿಖ್ ನಾಮ್‌ವೋರ್ಡ್’ ಅನ್ನುತ್ತಾರೆ. ಅಂದರೆ ತನ್ನ ಕಾಲ ಮೇಲೆ ತಾನೇ ನಿಲ್ಲುವ ಪದ. ಗುಣವಾಚಕ ‘ಬೈವೂಖ್ಲಿಕ್ ನಾಮ್‌ವೋರ್ಡ್’, ಅಂದರೆ ಪಕ್ಕಕ್ಕೆ ಸೇರಿಸುವ ಪದ. ನಮ್ಮ ಈ ವಿಷಯದಲ್ಲಿ ಪಕ್ಕದಲ್ಲಿ ನಿಲ್ಲಬೇಕಾದ ಪದ ಸ್ವಂತ ಕಾಲ ಮೇಲೆ ನಿಂತುಬಿಡುತ್ತದೆ. ‘ನಾಮ್’ ಕೇಳಿ ನಮ್ಮ ‘ನಾಮ’ ನೆನಪಾದರೆ ಅದು ಆಕಸ್ಮಿಕ ಅಲ್ಲ. ಡಚ್ಚೂ ಸಂಸ್ಕೃತವೂ ಬಹಳ ಹಿಂದೆ ಒಂದೇ ಮನೆಯವು.

ಇಂಗ್ಲಿಷಿನ ಮೂಲಕ ಕಲಿತರೆ ಸುಲಭ ಅಲ್ವಾ?

ಇಲ್ಲ. ಈ ಒಂದು ವಿಷಯಕ್ಕೆ ಇಂಗ್ಲಿಷನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ.

ಇಂಗ್ಲಿಷಿನಲ್ಲಿ ‘ಕೆಂಪಗಿರೋದು ಕೊಡಿ’ ಅನ್ನಲು ಬಣ್ಣದ ಹಿಂದೆ ‘ಒನ್’ ಅಂತ ಒಂದು ಊರುಗೋಲು ಬೇಕು. ಡಚ್ಚಿಗೆ ಬೇಡ. ‘ಡೆ ರೋಡೆ’ ಅಂದರೆ ಮುಗಿಯಿತು. ಕನ್ನಡಕ್ಕೂ ಬೇಡ. ನಾವು ಪ್ರತ್ಯಯ ಹಚ್ಚುತ್ತೇವೆ: ದೊಡ್ಡ, ದೊಡ್ಡವನು, ದೊಡ್ಡವಳು, ದೊಡ್ಡದು, ದೊಡ್ಡವರು, ದೊಡ್ಡವು. ಡಚ್ಚರೂ ಪ್ರತ್ಯಯವನ್ನೇ ಹಚ್ಚುತ್ತಾರೆ. ನಮಗಿಂತ ಕಡಿಮೆ ಹಚ್ಚುತ್ತಾರೆ, ಅಷ್ಟೇ.

ನನ್ನ ತರಗತಿಯಲ್ಲಿ ಇಂಗ್ಲಿಷಿನಲ್ಲೇ ಯೋಚಿಸುತ್ತಿದ್ದವರು ‘ಡೆ ರೋಡೆ ಏನ್’ ಅಂತ ಬಾಲ ಸೇರಿಸುತ್ತಿದ್ದರು (‘ಏನ್’ ಅಂದರೆ ಡಚ್ಚಿನ ‘ಒನ್’). ನಾನೂ ಎರಡು ತಿಂಗಳು ಹಾಗೇ ಮಾಡಿದೆ. ಒಂದು ದಿನ ‘ಕೆಂಪುದು’ ಅಂತ ಮನಸ್ಸಿನಲ್ಲಿ ಹೇಳಿಕೊಂಡು ‘ಡೆ ರೋಡೆ’ ಅಂದೆ. ಅವತ್ತಿನಿಂದ ಆ ಬಾಲ ಹೋಯಿತು.

ಮೂಲ ನಿಯಮ ಏನು?

ಗುಣವಾಚಕಕ್ಕೆ ‘ಎ’ ಸೇರಿಸಿ. ಮುಂದೆ ‘ಡೆ’ ಅಥವಾ ‘ಹೆಟ್’ ಇಡಿ. ಇವೆರಡೂ ಇಂಗ್ಲಿಷಿನ ‘ದ’ ಇದ್ದ ಹಾಗೆ; ಕೆಲವು ನಾಮಪದಕ್ಕೆ ‘ಡೆ’, ಕೆಲವಕ್ಕೆ ‘ಹೆಟ್’.

ಜೀಕ್ ಅಂದರೆ ಕಾಯಿಲೆಯ. ಡೆ ಜೀಕೆ ಅಂದರೆ ರೋಗಿ. ಬ್ಲಿಂಡ್ ಅಂದರೆ ಕುರುಡು, ಡೆ ಬ್ಲಿಂಡೆ ಅಂದರೆ ಕುರುಡ ಅಥವಾ ಕುರುಡಿ. ಆರ್ಮ್ ಅಂದರೆ ಬಡ, ಡೆ ಆರ್ಮೆ ಅಂದರೆ ಬಡವ ಅಥವಾ ಬಡವಿ. ಗಂಡಸು ಹೆಂಗಸು ಭೇದ ಇಲ್ಲ. ಒಬ್ಬರೇ ಇದ್ದಾಗಲೂ ಗಂಡೋ ಹೆಣ್ಣೋ ಅಂತ ಕನ್ನಡದಲ್ಲಿ ಹೇಳಲೇಬೇಕು. ಡಚ್ಚರು ಆ ತಲೆನೋವು ಇಟ್ಟುಕೊಂಡಿಲ್ಲ.

ಕಾಗುಣಿತದ ಸಣ್ಣ ಬದಲಾವಣೆ ಮಾಮೂಲಿ ಗುಣವಾಚಕಕ್ಕೆ ಆಗುವಂಥದ್ದೇ. ಡೋಫ್ (ಕಿವುಡು) ಹೋಗಿ ಡೆ ಡೋವೆ ಆಗುತ್ತದೆ. ಅದನ್ನು ಬೇರೆಯಾಗಿ ಕಲಿಯಬೇಕಿಲ್ಲ.

ಬಹುವಚನದಲ್ಲಿ ‘ನ್’ ಯಾವಾಗ ಬರುತ್ತದೆ? ನನ್ನ ತಲೆ ಕೆಡುವುದು ಇಲ್ಲೇ.

ಎಲ್ಲರ ತಲೆ ಕೆಡುವುದೂ ಇಲ್ಲೇ. ಡಚ್ಚರದ್ದೂ ಸೇರಿ. ಆದರೆ ಕನ್ನಡಿಗರಿಗೆ ಇಲ್ಲಿ ಒಂದು ಒಳದಾರಿ ಇದೆ. ನನಗೆ ಅದನ್ನು ಯಾರೂ ಹೇಳಿರಲಿಲ್ಲ.

ನಿಯಮ ಇಷ್ಟು: ಮನುಷ್ಯರಾದರೆ ‘ನ್’ ಸೇರಿಸಿ. ವಸ್ತು, ಪ್ರಾಣಿಗಳಾದರೆ ಬೇಡ.

ಈಗ ಕನ್ನಡ ನೋಡಿ. ಮನುಷ್ಯರಾದರೆ ‘ದೊಡ್ಡವರು’. ವಸ್ತು, ಪ್ರಾಣಿಗಳಾದರೆ ‘ದೊಡ್ಡವು’. ಗೆರೆ ಎಳೆದಿರುವ ಜಾಗ ಒಂದೇ! ಕನ್ನಡದಲ್ಲಿ ‘ವರು’ ಬಂದರೆ ಡಚ್ಚಿನಲ್ಲಿ ‘ನ್’. ಕನ್ನಡದಲ್ಲಿ ‘ವು’ ಬಂದರೆ ಡಚ್ಚಿನಲ್ಲಿ ಬರೀ ‘ಎ’.

ಬಡವರು, ಡೆ ಆರ್ಮೆನ್. ಕುರುಡರು, ಡೆ ಬ್ಲಿಂಡೆನ್. ಕಾಯಿಲೆಯವರು, ಡೆ ಜೀಕೆನ್. ಮಾರುಕಟ್ಟೆಯಲ್ಲಿ ದಪ್ಪ ಮೆಣಸಿನಕಾಯಿ ತೋರಿಸಿ ‘ಕೆಂಪಗಿರುವವು ಎಷ್ಟು?’ ಅನ್ನುವಾಗ ಡೆ ರೋಡೆ. ಎಷ್ಟೇ ಕಾಯಿ ಇರಲಿ, ‘ನ್’ ಇಲ್ಲ. ಕೊಟ್ಟಿಗೆಯಲ್ಲಿ ಹತ್ತು ಹಸು ನಿಂತಿದ್ದು, ‘ಕರಿಯವು ನಮ್ಮವು’ ಅಂದರೂ ಡೆ ಜ್ವಾರ್ಟೆ, ‘ನ್’ ಇಲ್ಲ. ಸಾಕುನಾಯಿಯನ್ನು ಮನೆಯವನಂತೆ ನೋಡುವ ದೇಶ ಇದು. ಆದರೂ ವ್ಯಾಕರಣ ಮಾತ್ರ ನಾಯಿಗೆ ‘ನ್’ ಕೊಟ್ಟಿಲ್ಲ.

ಹಾಗಾದರೆ ಕನ್ನಡದ ಲೆಕ್ಕ ಯಾವಾಗಲೂ ಸರಿ ಬರುತ್ತದಾ?

ಒಂದು ಕಡೆ ಕೈ ಕೊಡುತ್ತದೆ. ಬಿಟ್ಟುಹೋದ ನಾಮಪದ ಅದೇ ವಾಕ್ಯದಲ್ಲಿ ಆಗಲೇ ಬಂದಿದ್ದರೆ, ಮನುಷ್ಯರಾದರೂ ‘ನ್’ ಬರುವುದಿಲ್ಲ.

ಉದಾಹರಣೆಗೆ: ‘ಭಾರತದ ವಿದ್ಯಾರ್ಥಿಗಳು ಸರಿಯಾದ ಸಮಯಕ್ಕೆ ಬಂದರು, ಡಚ್ಚರು ತಡವಾಗಿ.’ (ಉದಾಹರಣೆ ಸ್ವಾಮಿ, ವ್ಯಾಕರಣದಲ್ಲಾದರೂ ಗೆಲ್ಲೋಣ.) ಡಚ್ಚಿನಲ್ಲಿ: ಡೆ ಇಂಡಿಯಾಸೆ ಸ್ಟುಡೆಂಟೆನ್ ಕ್ವಾಮೆನ್ ಓಪ್ ಟೈಡ್, ಡೆ ನೇಡರ್‌ಲಾಂಡ್ಸೆ ಟೆ ಲಾಟ್. ‘ನೇಡರ್‌ಲಾಂಡ್ಸೆ’ ಹಿಂದೆ ‘ಸ್ಟುಡೆಂಟೆನ್’ ಅಂತ ಮನಸ್ಸಿನಲ್ಲೇ ತುಂಬಿಕೊಳ್ಳಬಹುದು. ಆ ಪದ ಅದೇ ವಾಕ್ಯದಲ್ಲಿ ಇದೆ. ಹಾಗಾಗಿ ಇಲ್ಲಿ ಗುಣವಾಚಕ ನಿಜವಾಗಿ ತನ್ನ ಕಾಲ ಮೇಲೆ ನಿಂತಿಲ್ಲ, ಪಕ್ಕದವನ ಹೆಗಲ ಮೇಲೆ ಕೈ ಹಾಕಿದೆ. ಅದಕ್ಕೆ ‘ನ್’ ಇಲ್ಲ.

ಕನ್ನಡದಲ್ಲಿ ಇಂಥ ಕಡೆಯೂ ‘ವರು’ ಬರುತ್ತದೆ. ಅದರ ಮಾತು ಕೇಳಬೇಡಿ.

ಕಿವಿಗೆ ‘ನ್’ ಕೇಳಿಸುವುದೇ ಇಲ್ಲವಲ್ಲ?

ಹೌದು, ಕೇಳಿಸುವುದಿಲ್ಲ. ಆಮ್‌ಸ್ಟರ್‌ಡಾಮ್, ದ ಹೇಗ್, ರೋಟರ್‌ಡಾಮ್ ಕಡೆ ಕೊನೆಯ ‘ಎನ್’ನಲ್ಲಿ ‘ನ್’ ನುಂಗಿಬಿಡುತ್ತಾರೆ. ‘ಜೀಕೆ’ಯೂ ‘ಜೀಕೆನ್’ನೂ ಒಂದೇ ತರಹ ಕೇಳುತ್ತವೆ. ಪೂರ್ವದ ಟ್ವೆಂಟೆ, ಉತ್ತರದ ಖ್ರೋನಿಂಗೆನ್ ಕಡೆ ಹೋದರೆ ಉಲ್ಟಾ: ಸ್ವರ ನುಂಗಿ ‘ನ್’ ಉಳಿಸುತ್ತಾರೆ, ‘ಜೀಕ್ನ್’ ಅನ್ನುವ ಹಾಗೆ.

ಡಚ್ ಮಕ್ಕಳೂ ಬರೆಯುವಾಗ ತಪ್ಪುವುದು ಇದಕ್ಕೇ. ಕಿವಿ ಸಹಾಯ ಮಾಡುವುದಿಲ್ಲ, ನಿಯಮವೇ ಗತಿ. ನಿಮಗೆ ಮಾತಾಡುವಾಗ ಈ ಚಿಂತೆ ಬೇಡ. ಬರೆಯುವಾಗ ‘ವರು, ವು’ ನೆನಪಿಸಿಕೊಳ್ಳಿ.

ಆಫೀಸ್ ಮೇಲ್‌ನಲ್ಲಿ ‘ಬೆಸ್ಟೆ ಆಲೆನ್’ ಅಂತ ಬರೆಯುತ್ತಾರಲ್ಲ, ಅದೂ ಇದೇನಾ?

ಅದೂ ಇದೇ ಕುಟುಂಬ. ‘ಬೆಸ್ಟೆ’ ಅಂದರೆ ಇಲ್ಲಿ ‘ಪ್ರಿಯ’. ‘ಆಲೆ’ ಅಂದರೆ ಎಲ್ಲ. ಮನುಷ್ಯರಾದ್ದರಿಂದ ‘ಆಲೆನ್’, ಎಲ್ಲರೂ. ಕನ್ನಡದಲ್ಲೂ ‘ಎಲ್ಲ’ ಬೇರೆ, ‘ಎಲ್ಲರೂ’ ಬೇರೆ ತಾನೆ?

ಇದೇ ಸಾಲಿನವು ಇನ್ನೂ ಇವೆ. ಸೋಮಿಖೆ, ಸೋಮಿಖೆನ್: ಕೆಲವು, ಕೆಲವರು. ವೇಲೆ, ವೇಲೆನ್: ಹಲವು, ಹಲವರು. ಆಂಡರೆ, ಆಂಡರೆನ್: ಬೇರೆಯವು, ಬೇರೆಯವರು. ಬೈಡೆ, ಬೈಡೆನ್: ಎರಡೂ, ಇಬ್ಬರೂ. ಈ ಪಟ್ಟಿಯನ್ನು ಡಚ್ಚರು ಶಾಲೆಯಲ್ಲಿ ಉರು ಹೊಡೆಯುತ್ತಾರೆ. ಕನ್ನಡಿಗರಿಗೆ ಹುಟ್ಟಿನಿಂದ ಬಂದಿದೆ. ನನ್ನ ಮೊದಲ ಮೇಲ್‌ನಲ್ಲಿ ನಾನು ‘ಬೆಸ್ಟೆ ಆಲೆ’ ಅಂತ ಬರೆದಿದ್ದೆ. ಯಾರೂ ಏನೂ ಅನ್ನಲಿಲ್ಲ. ವಾರ ಕಳೆದ ಮೇಲೆ ನಾನೇ ನೋಡಿ ನಾಚಿಕೊಂಡೆ.

ಮಾತಿನಲ್ಲಿ ಇದರ ರಗಳೆ ಬೇಡ ಅನಿಸಿದರೆ ‘ಆಲಮಾಲ್’ (ಎಲ್ಲರೂ), ‘ಆಲೆಬೈ’ (ಇಬ್ಬರೂ) ಅನ್ನಿ. ಜನ ಜಾಸ್ತಿ ಬಳಸುವುದೂ ಅವನ್ನೇ. ಅವಕ್ಕೆ ‘ನ್’ ಪ್ರಶ್ನೆಯೇ ಇಲ್ಲ.

ವಸ್ತುಗಳಿಗೆ ‘ಡೆ’ನೋ ‘ಹೆಟ್’ಟೋ?

ಮಾಯವಾದ ನಾಮಪದ ಯಾವುದನ್ನು ತೆಗೆದುಕೊಳ್ಳುತ್ತಿತ್ತೋ ಅದೇ. ದಪ್ಪ ಮೆಣಸಿನಕಾಯಿ, ಅಂದರೆ ಪಾಪ್ರಿಕಾ, ‘ಡೆ’ ಪದ, ಹಾಗಾಗಿ ಡೆ ರೋಡೆ. ಪುಸ್ತಕ ಅಂದರೆ ‘ಹೆಟ್ ಬೂಕ್’, ಹಾಗಾಗಿ ‘ದಪ್ಪದ್ದು’ ಹೆಟ್ ಡಿಕ್ಕೆ. ಹೋದವನು ಹೋದರೂ ಅವನ ಚಪ್ಪಲಿ ಇಲ್ಲೇ ಉಳಿದ ಹಾಗೆ.

ಹಾಲಿನ ಕಪಾಟಿನ ಮುಂದೆ ಇದು ಚೆನ್ನಾಗಿ ಅಭ್ಯಾಸವಾಗುತ್ತದೆ. ಹಾಲು ‘ಡೆ ಮೆಲ್ಕ್’. ಕೆನೆ ತುಂಬಿದ್ದು ಡೆ ವೋಲೆ, ಅರ್ಧ ಕೆನೆಯದು ಡೆ ಹಾಲ್ಫ್‌ವೋಲೆ, ಕೆನೆ ತೆಗೆದದ್ದು ಡೆ ಮಾಖರೆ. ಮೆಲ್ಕ್ ಅನ್ನುವ ಪದವನ್ನೇ ಬಿಟ್ಟು ‘ಹಾಲ್ಫ್‌ವೋಲೆ ತಗೊಂಡು ಬಾ’ ಅಂತಲೇ ಮನೆಯಲ್ಲಿ ಹೇಳುವುದು. ಮೊಸರಿಗೆ ಹೆಪ್ಪು ಹಾಕಲು ನಾನು ತರುವುದು ಡೆ ವೋಲೆ. ಉಳಿದ ಎರಡರಲ್ಲಿ ನನಗೆ ಗಟ್ಟಿ ಮೊಸರು ಬರಲಿಲ್ಲ.

ಬೇಕರಿಯಲ್ಲಿ ‘ಅನ್ ಹಾಲ್ಫ್ ವಿಟ್’ ಅನ್ನುತ್ತಾರೆ. ಅಲ್ಲಿ ‘ಎ’ ಎಲ್ಲಿ ಹೋಯಿತು?

ಇದು ನನ್ನ ಮೆಚ್ಚಿನ ಪ್ರಶ್ನೆ.

‘ಅನ್’ ಅಂದರೆ ‘ಒಂದು’. ಬ್ರೆಡ್ಡು ‘ಹೆಟ್ ಬ್ರೋಡ್’. ಡಚ್ಚಿನಲ್ಲಿ ‘ಅನ್’ ಮುಂದೆ ಇದ್ದು, ನಾಮಪದ ‘ಹೆಟ್’ ವರ್ಗದ್ದಾದರೆ ಗುಣವಾಚಕಕ್ಕೆ ‘ಎ’ ಹತ್ತುವುದಿಲ್ಲ. ಅನ್ ವಿಟ್ ಬ್ರೋಡ್, ಒಂದು ಬಿಳಿ ಬ್ರೆಡ್. ‘ಬ್ರೋಡ್’ ಬಿಟ್ಟರೂ ಆ ನಿಯಮ ಬಿಡುವುದಿಲ್ಲ. ಆದ್ದರಿಂದ ಅರ್ಧ ಬಿಳಿಯದು ‘ಅನ್ ಹಾಲ್ಫ್ ವಿಟ್’, ಇಡೀ ಕಂದು ಬಣ್ಣದ್ದು ‘ಅನ್ ಹೇಲ್ ಬ್ರೌನ್’.

ಅದೇ ವೈನ್ ‘ಡೆ’ ಪದ. ಹೋಟೆಲಿನಲ್ಲಿ ಒಂದು ಗ್ಲಾಸ್ ಬಿಳಿ ವೈನ್ ಬೇಕಿದ್ದರೆ ‘ಅನ್ ವಿಟ್ಟೆ’. ಬಿಳಿ ಅನ್ನುವ ಒಂದೇ ಗುಣವಾಚಕ. ಬೇಕರಿಯಲ್ಲಿ ವಿಟ್, ಬಾರಿನಲ್ಲಿ ವಿಟ್ಟೆ. ನಾನು ಬೇಕರಿಯಲ್ಲಿ ಧೈರ್ಯವಾಗಿ ‘ಅನ್ ಹಾಲ್ವೆ ವಿಟ್ಟೆ’ ಅಂದೆ. ಅಂಗಡಿಯಾಕೆ ನಕ್ಕು, ಬ್ರೆಡ್ ಕತ್ತರಿಸುತ್ತಾ, ಸರಿಯಾದದ್ದನ್ನು ಮೆಲ್ಲಗೆ ಹೇಳಿದರು. ತರಗತಿಯಲ್ಲಿ ಕಲಿತದ್ದಕ್ಕಿಂತ ಅದು ಚೆನ್ನಾಗಿ ನೆನಪಿದೆ.

ಫ್ರೆಂಚ್ ಫ್ರೈಸ್ ಅಂಗಡಿಯಲ್ಲಿ ‘ಅನ್ ಖ್ರೋಟೆ ಮೆಟ್’ ಅಂದರೆ ‘ಒಂದು ದೊಡ್ಡದು, ಜೊತೆಗೆ’. ಏನು ದೊಡ್ಡದು, ಏನರ ಜೊತೆಗೆ ಅಂತ ಹೇಳುವುದೇ ಇಲ್ಲ. ಪಟಾಟ್ ಮತ್ತು ಮಯೋನೇಸ್ ಅಂತ ಎಲ್ಲರಿಗೂ ಗೊತ್ತು. ನಮ್ಮ ದರ್ಶಿನಿಗಳಲ್ಲಿ ‘ಒಂದು ಸಿಂಗಲ್, ಡಿಪ್’ ಅಂದ ಹಾಗೆ.

‘ಏನಾದರೂ ಹೊಸದು’ ಅನ್ನುವುದು ಹೇಗೆ?

ಇಲ್ಲಿ ‘ಎ’ ಬಿಟ್ಟು ‘ಸ್’ ಹಿಡಿಯಬೇಕು. ಈಟ್ಸ್ (ಏನಾದರೂ), ನೀಟ್ಸ್ (ಏನೂ ಇಲ್ಲ), ವಾಟ್ (ಸ್ವಲ್ಪ ಏನೋ), ವೇಲ್ (ತುಂಬ), ವೈನಿಖ್ (ಕಡಿಮೆ) ಇವುಗಳ ಹಿಂದೆ ಗುಣವಾಚಕ ಬಂದರೆ ಕೊನೆಗೆ ‘ಸ್’.

ಈಟ್ಸ್ ನೀವ್ಸ್, ಏನಾದರೂ ಹೊಸದು. ಈಟ್ಸ್ ಲೆಕ್ಕರ್ಸ್, ಏನಾದರೂ ರುಚಿಯಾದದ್ದು. ಈಟ್ಸ್ ವಾರ್ಮ್ಸ್, ಏನಾದರೂ ಬಿಸಿಯಾದದ್ದು. ನೀಟ್ಸ್ ಬೆಟರ್ಸ್, ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಮಳೆಯಲ್ಲಿ ಸೈಕಲ್ ತುಳಿದು ಬಂದವರಿಗೆ ಮೊದಲು ನೆನಪಾಗುವುದು ‘ಈಟ್ಸ್ ವಾರ್ಮ್ಸ್’. ಕನ್ನಡದಲ್ಲಿ ಈ ಎಲ್ಲ ಕಡೆ ಗುಣವಾಚಕಕ್ಕೆ ‘ದು’ ಹಚ್ಚುತ್ತೇವೆ. ಈಟ್ಸ್ ತರಹದ ಪದ ಮುಂದಿದ್ದರೆ ನಮ್ಮ ‘ದು’ ಡಚ್ಚಿನಲ್ಲಿ ‘ಸ್’.

ಈ ‘ಸ್’ ಹಳೆಯ ಷಷ್ಠಿ ವಿಭಕ್ತಿಯ ಪಳೆಯುಳಿಕೆ. ‘ಹೊಸದರಲ್ಲಿ ಏನೋ ಒಂದಿಷ್ಟು’ ಅನ್ನುವ ಅರ್ಥ ಅದರೊಳಗೆ ಅಡಗಿದೆ. ಡಚ್ಚರು ವಿಭಕ್ತಿಗಳನ್ನೆಲ್ಲ ಹೆಚ್ಚುಕಡಿಮೆ ಕಳೆದುಕೊಂಡರು. ಇಂಥ ಮೂಲೆಗಳಲ್ಲಿ ಮಾತ್ರ ಅವು ಉಳಿದಿವೆ.

ಇನ್ನೂ ಮಜಾ ಅಂದರೆ, ಸುದ್ದಿಗೆ ಡಚ್ಚಿನಲ್ಲಿ ‘ಹೆಟ್ ನೀವ್ಸ್’ ಅನ್ನುತ್ತಾರೆ. ಆ ಪದ ಹುಟ್ಟಿದ್ದೇ ಈ ‘ಸ್’ನಿಂದ. ‘ಏನಾದರೂ ಹೊಸದು’ ಅನ್ನುವುದರ ಬಾಲ ಕಳಚಿಕೊಂಡು ಸ್ವತಂತ್ರ ಪದವಾಯಿತು. ಆದ್ದರಿಂದ ಜಾಗ್ರತೆ: ‘ನೀಟ್ಸ್ ನೀವ್ಸ್’ ಅಂದರೆ ಹೊಸದೇನೂ ಇಲ್ಲ. ‘ಖೇನ್ ನೀವ್ಸ್’ ಅಂದರೆ ಸುದ್ದಿ ಇಲ್ಲ.

‘ಸ್’ ಹತ್ತದ ಗುಣವಾಚಕಗಳು ಇವೆಯಾ?

ಕೊನೆಯಲ್ಲಿ ಆಗಲೇ ‘ಸ್’ ಸದ್ದಿದ್ದರೆ ಇನ್ನೊಂದು ಬೇಡ. ಈಟ್ಸ್ ಫ್ರಿಸ್ (ತಂಪಾದದ್ದು), ಈಟ್ಸ್ ವೆರ್ಸ್ (ತಾಜಾ), ಈಟ್ಸ್ ಲೋಖಿಸ್ (ತರ್ಕಕ್ಕೆ ಹೊಂದುವಂಥದ್ದು). ಮರದ, ಚಿನ್ನದ ಅನ್ನುವಂಥ ಗುಣವಾಚಕಗಳಿಗೆ ಸಾಮಾನ್ಯವಾಗಿ ‘ಸ್’ ಹಚ್ಚದೆ ‘ಈಟ್ಸ್ ವಾನ್ ಹೌಟ್’, ಮರದಿಂದ ಮಾಡಿದ ಏನಾದರೂ, ಅಂತ ಸುತ್ತಿ ಹೇಳುತ್ತಾರೆ.

ಬೆಲ್ಜಿಯಮ್ಮಿನ ಫ್ಲಾಂಡರ್ಸ್‌ನವರ ಮಾತಿನಲ್ಲಿ ‘ಈಟ್ಸ್ ನೀವ್’ ಅಂತ ‘ಸ್’ ಇಲ್ಲದೆ ಕೇಳಬಹುದು. ಅವರನ್ನು ತಿದ್ದಲು ಹೋಗಬೇಡಿ. ಪರೀಕ್ಷೆಯಲ್ಲಿ ಮಾತ್ರ ನೀವು ‘ಸ್’ ಬರೆಯಿರಿ.

‘ಮಜಾ ಏನಂದ್ರೆ...’ ಅಂತ ಶುರು ಮಾಡುವುದು ಹೇಗೆ?

ಹೆಟ್ + ಗುಣವಾಚಕ + ಎ. ಯಾವ ನಾಮಪದವೂ ಮನಸ್ಸಿನಲ್ಲಿ ಇಲ್ಲದಿದ್ದರೂ ಸರಿ. ಹೆಟ್ ಲ್ಯೋಕೆ ಇಸ್ ಡಾಟ್... (ಮಜಾ ಏನಂದ್ರೆ), ಹೆಟ್ ಖೆಕ್ಕೆ ಇಸ್ ಡಾಟ್... (ವಿಚಿತ್ರ ಅಂದರೆ), ಹೆಟ್ ವೆರ್ವೇಲೆಂಡೆ ಇಸ್ ಡಾಟ್... (ಬೇಜಾರಿನ ಸಂಗತಿ ಅಂದರೆ). ಮಾತು ಶುರು ಮಾಡಲು ಇದಕ್ಕಿಂತ ಒಳ್ಳೆಯ ಊರುಗೋಲು ಇಲ್ಲ. ಮುಂದಿನ ವಾಕ್ಯ ಜೋಡಿಸಿಕೊಳ್ಳಲು ಎರಡು ಸೆಕೆಂಡ್ ಸಿಗುತ್ತದೆ.

ಹೊರಡುವಾಗ ಡಚ್ಚರು ‘ಹೆಟ್ ಬೆಸ್ಟೆ!’ ಅನ್ನುತ್ತಾರೆ. ‘ಅತಿ ಒಳ್ಳೆಯದು’ ಅಂತ ಪದದ ಅರ್ಥ. ನಮ್ಮ ‘ಒಳ್ಳೆಯದಾಗಲಿ’ಯಲ್ಲೂ ಅದೇ ಕೆಲಸ ನಡೆದಿದೆ, ‘ಒಳ್ಳೆಯ’ಕ್ಕೆ ‘ದು’ ಸೇರಿ.

ಆದರೆ ‘ಇನ್ ಹೆಟ್’ ಜೊತೆ ನಿಂತುಹೋದ ಕೆಲವು ಮಾತುಗಳಲ್ಲಿ ‘ಎ’ ಇಲ್ಲ. ಇನ್ ಹೆಟ್ ಕೋರ್ಟ್ (ಚುಟುಕಾಗಿ), ಇನ್ ಹೆಟ್ ಖೆಹೈಮ್ (ಗುಟ್ಟಾಗಿ), ಇನ್ ಹೆಟ್ ಡೋಂಕರ್ (ಕತ್ತಲಲ್ಲಿ). ಇವನ್ನು ಗಂಟು ಕಟ್ಟಿ ಹಾಗೇ ಇಟ್ಟುಕೊಳ್ಳಿ.

ಪೇಪರಿನಲ್ಲಿ, ಸರ್ಕಾರಿ ಪತ್ರಗಳಲ್ಲಿ ಉದ್ದುದ್ದ ಪದಗಳು ಬರುತ್ತವೆ. ಅವೂ ಇದೇ ಜಾತಿಯಾ?

ಬಹಳಷ್ಟು ಹೌದು. ಗುಣವಾಚಕದಂತೆ ನಡೆಯುವ ಕೃದಂತಗಳಿಗೂ ಈ ಯೋಗ ಇದೆ. ನಮ್ಮ ‘ಬಂದವರು’, ‘ಸತ್ತವರು’, ‘ಗಾಯಗೊಂಡವರು’ ಇದ್ದ ಹಾಗೆ.

ಅಪಘಾತದ ಸುದ್ದಿಯ ತಲೆಬರಹ ನೋಡಿ: ‘ಡ್ರೀ ಖೆವೊಂಡೆನ್’, ಮೂವರಿಗೆ ಗಾಯ. ಪೊಲೀಸ್ ಸುದ್ದಿಯಲ್ಲಿ ‘ವೆರ್ಡಾಖ್ಟೆ’, ಅನುಮಾನಕ್ಕೆ ಒಳಗಾದವನು ಅಥವಾ ಒಳಗಾದವಳು, ಅಂದರೆ ಶಂಕಿತ. ‘ವೆರ್ಕ್‌ಲೋಜೆನ್’, ಕೆಲಸ ಇಲ್ಲದವರು. ‘ಡಾಕ್‌ಲೋಜೆನ್’, ಸೂರಿಲ್ಲದವರು, ‘ಡಾಕ್’ ಅಂದರೆ ನಿಜವಾಗಿಯೂ ಸೂರೇ.

ಸರ್ಕಾರಿ ಪತ್ರಗಳದ್ದು ಇನ್ನೊಂದು ಲೋಕ. ‘ಅಲೇನ್‌ಸ್ಟಾಂಡೆ’ ಅಂದರೆ ಒಂಟಿಯಾಗಿ ನಿಂತವರು, ಅಂದರೆ ಒಬ್ಬರೇ ಇರುವವರು. ‘ಬೆಲಾಂಗ್‌ಹೆಬೆಂಡೆ’ ಅಂದರೆ ಆ ವಿಷಯದಲ್ಲಿ ಹಿತಾಸಕ್ತಿ ಇರುವವರು. ‘ವೆರ್‌ಜೇಕರ್ಡೆ’ ಅಂದರೆ ವಿಮೆ ಮಾಡಿಸಿಕೊಂಡವರು. ‘ನಾಬೆಸ್ಟಾಂಡೆ’ ಅಂದರೆ ತೀರಿಕೊಂಡವರ ಹಿಂದೆ ಉಳಿದವರು. ‘ಒಂಡರ್‌ಖೆಟೇಕೆಂಡೆ’ ನೋಡಿದ ಕೂಡಲೇ ನನಗೆ ತಾಲೂಕು ಕಚೇರಿ ನೆನಪಾಯಿತು. ‘ಕೆಳಗೆ ಸಹಿ ಮಾಡಿದವನು’! ಎರಡು ದೇಶದ ಗುಮಾಸ್ತರು ಒಬ್ಬರನ್ನೊಬ್ಬರು ನೋಡಿಲ್ಲ, ಆದರೂ ಭಾಷೆ ಒಂದೇ.

ಇಂಥ ಪದ ಕಂಡರೆ ಹೆದರಬೇಡಿ. ಕೊನೆಯ ‘ಎ’ ಅಥವಾ ‘ಎನ್’ ಕಿತ್ತು ನೋಡಿ. ಬಹಳ ಸಲ ಒಳಗೆ ಒಂದು ಕ್ರಿಯಾಪದ ಕೂತಿರುತ್ತದೆ. ಅದಕ್ಕೆ ‘-ದವರು’ ಸೇರಿಸಿದರೆ ಅರ್ಥ ಸಿಗುತ್ತದೆ.

‘ಖೆವಾಂಗೆನೆನ್’ ಅಂತ ಕಂಡೆ. ಇಷ್ಟೊಂದು ‘ನ’ಕಾರ ಅಚ್ಚಿನ ತಪ್ಪಾ?

ಅಲ್ಲ. ‘ಖೆವಾಂಗೆನ್’ ಅಂದರೆ ಸೆರೆಸಿಕ್ಕ. ‘ಎನ್’ನಲ್ಲಿ ಮುಗಿಯುವ ಗುಣವಾಚಕಕ್ಕೆ ನಾಮಪದದ ಪಕ್ಕದಲ್ಲಿ ‘ಎ’ ಹತ್ತುವುದಿಲ್ಲ: ಡೆ ಖೆವಾಂಗೆನ್ ವೋಖೆಲ್, ಸೆರೆಸಿಕ್ಕ ಹಕ್ಕಿ. ಮನುಷ್ಯರನ್ನು ಸೂಚಿಸಿ ಒಂಟಿಯಾಗಿ ನಿಂತಾಗ ಮಾತ್ರ ಹತ್ತುತ್ತದೆ: ಡೆ ಖೆವಾಂಗೆನೆ, ಕೈದಿ. ಬಹುವಚನದಲ್ಲಿ ಮತ್ತೊಂದು ‘ನ್’: ಖೆವಾಂಗೆನೆನ್. ವೋಲ್‌ವಾಸೆನೆನ್ (ವಯಸ್ಕರು), ಓವರ್‌ಲೇಡೆನೆನ್ (ತೀರಿಕೊಂಡವರು) ಕೂಡ ಹೀಗೇ. ಚಿನ್ನದ್ದು, ಬೆಳ್ಳಿಯದ್ದು ಅನ್ನುವಾಗ ಮಾತ್ರ ಏನೂ ಸೇರುವುದಿಲ್ಲ. ಯಾವ ಉಂಗುರ? ಡೆ ಖೌಡೆನ್, ಚಿನ್ನದ್ದು.

ಇಂಥ ಪದಗಳು ಸಮಾಸದಲ್ಲೂ ಇರುತ್ತವೆಯಾ?

ಆಸ್ಪತ್ರೆಗೆ ‘ಜೀಕೆನ್‌ಹೌಸ್’ ಅನ್ನುತ್ತಾರೆ, ಕಾಯಿಲೆಯವರ ಮನೆ. ಒಳಗೆ ನಮ್ಮ ‘ಜೀಕೆನ್’ ಇದ್ದಾರೆ. ಹಾಗೇ ಪ್ರತಿ ವರ್ಷ ಮೇ 4ರಂದು ‘ಡೋಡೆನ್‌ಹೆರ್ಡೆಂಕಿಂಗ್’. ಡೋಡ್ ಅಂದರೆ ಸತ್ತ, ಡೋಡೆನ್ ಅಂದರೆ ಸತ್ತವರು, ಹೆರ್ಡೆಂಕಿಂಗ್ ಅಂದರೆ ಸ್ಮರಣೆ. ಎರಡನೇ ಮಹಾಯುದ್ಧದಲ್ಲೂ ಆಮೇಲಿನ ಯುದ್ಧಗಳಲ್ಲೂ ಸತ್ತವರಿಗಾಗಿ ರಾತ್ರಿ 8 ಗಂಟೆಗೆ ಎರಡು ನಿಮಿಷ ದೇಶ ಮೌನವಾಗಿ ನಿಲ್ಲುತ್ತದೆ. ಆಮ್‌ಸ್ಟರ್‌ಡಾಮಿನ ಡಾಮ್ ಚೌಕದಲ್ಲಿ ರಾಜ ಹೂಗುಚ್ಛ ಇಡುತ್ತಾರೆ. ಅವತ್ತು ‘ಡೋಡೆನ್’ ಪದವನ್ನು ಟಿವಿಯಲ್ಲಿ ಎಷ್ಟು ಸಲ ಕೇಳುತ್ತೀರಿ ಅಂದರೆ, ಆಮೇಲೆ ಅದಕ್ಕೆ ‘ನ್’ ಯಾಕೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

‘ಕುರುಡರು’, ‘ಕಿವುಡರು’ ಅಂತ ಅನ್ನುವುದು ಒರಟು ಅಲ್ವಾ?

ಡಚ್ಚಿನಲ್ಲೂ ಈ ಪ್ರಶ್ನೆ ಇದೆ. ಒಂದು ಗುಣವನ್ನೇ ಹೆಸರು ಮಾಡಿದಾಗ ಮನುಷ್ಯ ಆ ಗುಣಕ್ಕೇ ಕುಗ್ಗಿಬಿಡುತ್ತಾನೆ ಅನ್ನುವುದು ಒಂದು ಆಕ್ಷೇಪ. ಅದಕ್ಕೇ ‘ಮೆನ್ಸೆನ್ ಮೆಟ್...’, ಅಂದರೆ ‘...ಇರುವ ಜನರು’ ಅಂತ ಹೇಳುವವರು ಹೆಚ್ಚುತ್ತಿದ್ದಾರೆ. ನನಗೂ ಹೊಸಬರಿಗೆ ಅದೇ ಕ್ಷೇಮ ಅನಿಸುತ್ತದೆ.

ಆದರೆ ಗುಣವಾಚಕದ ಈ ರೂಪವೇ ಮರ್ಯಾದೆ ತಂದುಕೊಟ್ಟ ಉದಾಹರಣೆಯೂ ಇದೆ. ಗುಲಾಮನಿಗೆ ಡಚ್ಚಿನ ಹಳೆಯ ಪದ ‘ಸ್ಲಾಫ್’. ಈಗ ಬಹಳ ಜನ ‘ಟೋಟ್ ಸ್ಲಾಫ್ ಖೆಮಾಕ್ಟೆ’ ಅನ್ನುತ್ತಾರೆ, ಗುಲಾಮನನ್ನಾಗಿ ಮಾಡಲ್ಪಟ್ಟವನು. ಅವನು ಹುಟ್ಟಾ ಗುಲಾಮ ಅಲ್ಲ, ಯಾರೋ ಅವನನ್ನು ಹಾಗೆ ಮಾಡಿದರು ಅನ್ನುವುದು ಆ ಕೃದಂತದಲ್ಲೇ ಇದೆ. ಆಗಿನ ಪ್ರಧಾನಿ ಮಾರ್ಕ್ ರುಟ್ಟೆ 2022ರ ಡಿಸೆಂಬರ್ 19ರಂದು, ರಾಜ ವಿಲ್ಲೆಮ್ ಅಲೆಕ್ಸಾಂಡರ್ 2023ರ ಜುಲೈ 1ರಂದು ಗುಲಾಮಗಿರಿಗಾಗಿ ಕ್ಷಮೆ ಕೇಳಿದ ಆಸುಪಾಸಿನಲ್ಲಿ ಪತ್ರಿಕೆಗಳಲ್ಲಿ ಈ ಪದ ತುಂಬಿ ಹೋಗಿತ್ತು. ಬಹುವಚನ ‘ಖೆಮಾಕ್ಟೆನ್’. ಮನುಷ್ಯರಾದ್ದರಿಂದ ‘ನ್’.

ನಾನು ಭಾರತೀಯ ಅಂತ ಹೇಳುವುದು ಹೇಗೆ?

ಗಂಡಸಾದರೆ ‘ಇಂಡಿಯರ್’. ಹೆಂಗಸಾದರೆ ಗುಣವಾಚಕಕ್ಕೆ ‘ಎ’ ಹಚ್ಚಿ ‘ಇಂಡಿಯಾಸೆ’. ಡಚ್ ಗಂಡಸು ‘ನೇಡರ್‌ಲಾಂಡರ್’, ಹೆಂಗಸು ‘ನೇಡರ್‌ಲಾಂಡ್ಸೆ’. ಮೇಲೆ ‘ಗಂಡು ಹೆಣ್ಣು ಭೇದ ಇಲ್ಲ’ ಅಂದೆನಲ್ಲ, ದೇಶದ ಹೆಸರಿಗೆ ಬಂದರೆ ಆ ಮಾತು ನಿಲ್ಲುವುದಿಲ್ಲ. ಈ ‘ಎ’ ರೂಪ ಹೆಂಗಸರಿಗೆ ಮಾತ್ರ. ಬಹುವಚನದಲ್ಲಿ ಸುಮ್ನೆ ‘ಇಂಡಿಯಾಸೆ ವ್ರೌವೆನ್’, ಭಾರತದ ಹೆಂಗಸರು, ಅಂದುಬಿಡಿ.

ಭಾಷೆಗೆ ‘ಎ’ ಇಲ್ಲ: ಹೆಟ್ ನೇಡರ್‌ಲಾಂಡ್ಸ್.

ಎರಡು ಗುಂಡಿಗಳಿವೆ. ‘ಇಂಡಿಯಾನ್’ ಅಂದರೆ ಅಮೆರಿಕದ ಮೂಲನಿವಾಸಿ. ‘ಇಂಡಿಸ್’ ಅಂದರೆ ಹಿಂದಿನ ಡಚ್ ಈಸ್ಟ್ ಇಂಡೀಸ್‌ಗೆ, ಅಂದರೆ ಈಗಿನ ಇಂಡೋನೇಷ್ಯಾಕ್ಕೆ ಸೇರಿದ್ದು. ನಾನು ಮೊದಲ ವಾರ ಒಂದು ಪರಿಚಯ ಸಭೆಯಲ್ಲಿ ‘ಇಕ್ ಬೆನ್ ಇಂಡಿಯಾನ್’ ಅಂದೆ. ಒಬ್ಬರು ‘ಯಾವ ಬುಡಕಟ್ಟು?’ ಅಂತ ಕೇಳಿದರು.

‘ಡೆ ಯೋಂಗೆನ್’ ಅಂದರೆ ಯುವಕರು ತಾನೆ?

ಅಲ್ಲ! ‘ಯೋಂಗೆನ್’ ಅಂದರೆ ಒಬ್ಬ ಹುಡುಗ. ಪ್ರಾಣಿಗಳ ಮರಿಗಳಿಗೂ ಅದೇ ಪದ. ಯುವಜನರಿಗೆ ತುಲನೆಯ ರೂಪ ಹಿಡಿಯಬೇಕು: ‘ಯೋಂಗರೆನ್’, ಕಿರಿಯರು. ವಯಸ್ಸಾದವರು ‘ಔಡರೆನ್’, ಹಿರಿಯರು. ‘ಔಡರ್ಸ್’ ಅಂದರೆ ಮಾತ್ರ ಅಪ್ಪ ಅಮ್ಮ. ಒಂದು ಅಕ್ಷರ ತಪ್ಪಿದರೆ ‘ಹಿರಿಯರಿಗೆ ಸೀಟು ಬಿಡಿ’ ಹೋಗಿ ‘ಅಪ್ಪ ಅಮ್ಮನಿಗೆ ಸೀಟು ಬಿಡಿ’ ಆಗುತ್ತದೆ.

‘ಬಡವ ಬಲ್ಲಿದ’ ಅನ್ನುವ ಹಾಗೆ ಜೋಡಿಯಾಗಿ ಬಂದಾಗ ಯಾವ ಪ್ರತ್ಯಯವೂ ಇಲ್ಲ: ಆರ್ಮ್ ಎನ್ ರೈಕ್, ಯೋಂಗ್ ಎನ್ ಔಡ್.

‘ಕ್ಲೈನ್‌ಟ್ಯೆ’ ಅನ್ನುತ್ತಾರಲ್ಲ, ಅದು ಬೇರೆಯಾ?

ಅದು ಇನ್ನೊಂದು ದಾರಿ. ಗುಣವಾಚಕಕ್ಕೆ ಪುಟ್ಟದು ಅನ್ನುವ ಪ್ರತ್ಯಯ ಅಂಟಿಸುವುದು. ಕ್ಲೈನ್‌ಟ್ಯೆ ಅಂದರೆ ಪುಟ್ಟದು, ಪುಟಾಣಿ. ಜೂಟ್ (ಸಿಹಿ) ಇಂದ ಜೂಟ್ಯೆ, ಕಾಫಿಗೆ ಹಾಕುವ ಸಕ್ಕರೆ ಬದಲಿನ ಮಾತ್ರೆ. ಖ್ರೂನ್ (ಹಸಿರು) ಇಂದ ಖ್ರೂನ್‌ಟ್ಯೆ, ಕೆಲಸಕ್ಕೆ ಹೊಸಬ. ‘ಬ್ಲೌಟ್ಯೆ ಲೋಪೆನ್’, ಪುಟ್ಟ ನೀಲಿ ನಡೆಯುವುದು, ಅಂದರೆ ಪ್ರೀತಿ ಹೇಳಿಕೊಂಡು ಇಲ್ಲ ಅನ್ನಿಸಿಕೊಳ್ಳುವುದು! ಈ ರೂಪಗಳೆಲ್ಲ ‘ಹೆಟ್’ ಪದಗಳು, ಬಹುವಚನಕ್ಕೆ ‘ಸ್’. ‘ನ್’ ಕಾಟ ಇಲ್ಲ.

ಮನೆಯ ಮಗುವನ್ನು ಮಾತ್ರ ‘ಡೆ ಕ್ಲೈನೆ’ ಅಂತಲೂ ಅನ್ನುತ್ತಾರೆ. ಪಕ್ಕದ ಮನೆಯವರು ‘ಹೂ ಖಾಟ್ ಹೆಟ್ ಮೆಟ್ ಡೆ ಕ್ಲೈನೆ?’ ಅಂದರೆ, ‘ಪುಟ್ಟ ಹೇಗಿದ್ದಾನೆ?’ ಅಂತ ಕೇಳುತ್ತಿದ್ದಾರೆ.

ಪರೀಕ್ಷೆಗೆ ಇದೆಲ್ಲ ಬೇಕಾ?

ಹೊರಗಿನಿಂದ ಬಂದವರು ಡಚ್ ಭಾಷೆ, ಸಮಾಜಕ್ಕೆ ಹೊಂದಿಕೊಳ್ಳುವುದಕ್ಕೆ ‘ಇನ್‌ಬುರ್ಖರಿಂಗ್’ ಅನ್ನುತ್ತಾರೆ. 2022ರ ಜನವರಿ 1ರಿಂದ ಜಾರಿಗೆ ಬಂದ ಅದರ ಕಾಯ್ದೆಯಲ್ಲಿ ಗುರಿ ಸಾಮಾನ್ಯವಾಗಿ ಬಿ1, ಅಂದರೆ ಭಾಷೆಯ ಮಧ್ಯಮ ಮಟ್ಟ. ಆ ಮಟ್ಟಕ್ಕೆ ‘ಡೆ ರೋಡೆ’, ‘ಈಟ್ಸ್ ನೀವ್ಸ್’, ‘ಹೆಟ್ ಲ್ಯೋಕೆ ಇಸ್ ಡಾಟ್’ ಕೈಯಲ್ಲಿರಲಿ. ‘ಆಲೆ, ಆಲೆನ್’ ಬರಹದಲ್ಲಿ ತಪ್ಪಿದರೆ ಆಕಾಶ ಬೀಳುವುದಿಲ್ಲ. ಸರ್ಕಾರಿ ಪತ್ರದ ಪದಗಳನ್ನು ಓದಿ ಅರ್ಥ ಮಾಡಿಕೊಂಡರೆ ಸಾಕು, ಬರೆಯಬೇಕಿಲ್ಲ.

‘ಹೈ ಇಸ್ ವೇರ್ ಡೆ ಔಡೆ’ ಅಂದರು. ಅವನಿಗೆ ವಯಸ್ಸಾಯಿತು ಅಂತಾನಾ?

ನಾನೂ ಹಾಗೇ ಅಂದುಕೊಂಡಿದ್ದೆ. ಸಹೋದ್ಯೋಗಿಯೊಬ್ಬ ತಿಂಗಳು ಹುಷಾರಿಲ್ಲದೆ ಮಲಗಿ ವಾಪಸ್ ಬಂದಿದ್ದ. ಎಲ್ಲರೂ ಖುಷಿಯಿಂದ ‘ಮತ್ತೆ ಹಳೆಯವನಾದ’ ಅನ್ನುತ್ತಿದ್ದರು. ಇದೇನು, ಪಾಪ, ಮುಖದ ಮೇಲೇ ಹೀಗೆ ಅನ್ನುತ್ತಾರಲ್ಲ ಅನಿಸಿತು. ‘ಡೆ ಔಡೆ’ ಇಲ್ಲಿ ‘ಮೊದಲಿನವನು’. ಚೇತರಿಸಿಕೊಂಡು ಮೊದಲಿನ ಹಾಗೆ ಆದ ಅಂತ ಅರ್ಥ. ಹೆಂಗಸಿಗೂ ಇದೇ ಮಾತು, ಇದೇ ರೂಪ: ಜೈ ಇಸ್ ವೇರ್ ಡೆ ಔಡೆ.